ಈ ಸೂಜಿ ಎಷ್ಟು ವರ್ಷ ತಡೆಯುತ್ತದೆ?

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ ಅಂಗನವಾಡಿ. ಗುರುವಾರದ ಲಸಿಕೆಯ ಹೊತ್ತು. ಒಂಬತ್ತು ತಿಂಗಳು ತುಂಬಿದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ಮಗುವಿನ ಒಂದು ತೋಳಿಗೆ ದಡಾರ-ರುಬೆಲ್ಲಾ ಲಸಿಕೆಯನ್ನೂ ಇನ್ನೊಂದಕ್ಕೆ ಮೆದುಳು ಜ್ವರದ ಲಸಿಕೆಯನ್ನೂ ಹಾಕಿಸಿ, ಅದರ ಅಳು ನಿಲ್ಲುವವರೆಗೆ ಕಾದು, ಪಕ್ಕದಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದರು. "ಯವ್ವಾ, ಈ ಮೆದುಳು ಜ್ವರದ ಸೂಜಿ ಎಷ್ಟ್ ವರ್ಷ ತಡೀತೈತಿ?" ಎಂದು ಕೇಳಿದರು. ಲಸಿಕೆ ಬೇಕೋ ಬೇಡವೋ ಎಂಬ ಅನುಮಾನ ಅವರಿಗಿರಲಿಲ್ಲ. ಮೆದುಳು ಜ್ವರ ಬಂದು ಬದುಕುಳಿದ ಹುಡುಗನೊಬ್ಬ ಅವರ ಓಣಿಯಲ್ಲೇ ಇದ್ದ. ಬಲಗೈ ಸ್ವಾಧೀನದಲ್ಲಿಲ್ಲದೆ, ಮಾತು ಪೂರ್ತಿ ಮರಳದೆ, ಅವ್ವನ ಸೆರಗು ಹಿಡಿದೇ ಓಡಾಡುತ್ತಿದ್ದ ಅವನನ್ನು ಅವರು ದಿನವೂ ನೋಡುತ್ತಿದ್ದರು. ನಾನು ತಿಳಿದದ್ದನ್ನು ಹೇಳಿದೆ: ಇದೇ ಲಸಿಕೆಯನ್ನು ನೇಪಾಳದಲ್ಲಿ 1999ರಲ್ಲಿ ಮಕ್ಕಳಿಗೆ ಒಂದೇ ಡೋಸ್ ಕೊಟ್ಟು ನೋಡಿದ್ದಾರೆ, ಐದು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತಾರರಷ್ಟು ರಕ್ಷಣೆ ಉಳಿದಿತ್ತು. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅದು ನೇಪಾಳದಾಗ ಆತು. ನಮ್ಮೂರಾಗ?" ಎಂದರು.

ಸೋಂಕುರೋಗಗಳ ಲಸಿಕೆಯ ಸಂಶೋಧನೆಯಲ್ಲಿ ನನ್ನ ವಯಸ್ಸಿನ ದೊಡ್ಡ ಪಾಲು ಕಳೆದಿದೆ. ದೇಹಕ್ಕೆ ರೋಗವನ್ನು ಎದುರಿಸಲು ಹೇಗೆ ಕಲಿಸಬಹುದು ಎಂಬುದರ ಬಗ್ಗೆ ಈ ಅವಧಿಯಲ್ಲಿ ನಮ್ಮ ಶಾಸ್ತ್ರ ಬಹಳ ದೂರ ಬಂದಿದೆ. ಕಲಿತದ್ದನ್ನು ದೇಹ ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂಬುದರಲ್ಲಿ ಅಷ್ಟು ದೂರ ಬಂದಿಲ್ಲ. ಅದಕ್ಕೆ ಕಾರಣ ಬುದ್ಧಿವಂತಿಕೆಯ ಕೊರತೆಯಲ್ಲ, ಉಪಕರಣಗಳ ಕೊರತೆಯೂ ಅಲ್ಲ. ಆ ಪ್ರಶ್ನೆಗೆ ಉತ್ತರ ಬೇಕೆಂದರೆ ಒಂದೇ ಊರಿನ ಒಂದೇ ಜನರ ಜೊತೆ ಹತ್ತಾರು ವರ್ಷ ಇರಬೇಕಾಗುತ್ತದೆ, ಮತ್ತು ಹಾಗೆ ಇರುವುದನ್ನು ಸಂಶೋಧನೆಯೆಂದು ಒಪ್ಪಿಕೊಳ್ಳುವ ವ್ಯವಸ್ಥೆ ಇರಬೇಕಾಗುತ್ತದೆ. ಅಜ್ಜಿಯ ಎರಡನೆಯ ಪ್ರಶ್ನೆಯ ತೂಕ ನನಗೆ ಗೊತ್ತಾದದ್ದು ನಿಧಾನವಾಗಿ.

ಒಂದಕ್ಕೆ ಹತ್ತು

ಪ್ರಯೋಗಾಲಯದಲ್ಲಿ ನಾವು ರಕ್ಷಣೆಯನ್ನು ಒಂದು ಸಂಖ್ಯೆಯಾಗಿ ನೋಡುತ್ತೇವೆ. ಮಗುವಿನ ರಕ್ತದಿಂದ ಸೀರಂ, ಅಂದರೆ ರೋಗಾಣುವನ್ನು ತಡೆಯುವ ಪ್ರತಿಕಾಯಗಳಿರುವ ತಿಳಿ ಭಾಗವನ್ನು ಬೇರ್ಪಡಿಸಿ, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಅದನ್ನು ಒಂದಕ್ಕೆ ಹತ್ತು, ಒಂದಕ್ಕೆ ಇಪ್ಪತ್ತು, ಒಂದಕ್ಕೆ ನಲವತ್ತು ಎಂದು ತೆಳುವಾಗಿಸುತ್ತ ಹೋಗಿ, ಪ್ರತಿಯೊಂದಕ್ಕೂ ಗೊತ್ತಾದ ಪ್ರಮಾಣದ ವೈರಾಣುವನ್ನು ಬೆರೆಸುತ್ತೇವೆ. ಆ ಮಿಶ್ರಣವನ್ನು ವೀರೋ ಕೋಶಗಳ ಮೇಲೆ ಹರಡುತ್ತೇವೆ. ಈ ಕೋಶಗಳು 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದವು. ಅಂದಿನಿಂದ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಲೇ ಇವೆ. ಕೆಲವು ದಿನಗಳ ನಂತರ ಬಣ್ಣ ಹಾಕಿದರೆ ಬದುಕಿರುವ ಕೋಶಗಳೆಲ್ಲ ನೇರಳೆಯಾಗಿ, ವೈರಾಣು ಕೊಂದ ಜಾಗಗಳು ಬಿಳಿಯಾಗಿ, ಬಟ್ಟೆಗೆ ಹುಳು ತಿಂದು ತೂತು ಬಿದ್ದಂತೆ ಕಾಣುತ್ತವೆ. ಆ ತೂತುಗಳನ್ನು ಎಣಿಸುವುದೇ ಕೆಲಸ. ಎಷ್ಟು ತೆಳುವಾಗಿಸಿದ ಸೀರಂ ತೂತುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತದೆಯೋ ಅದು ಆ ಮಗುವಿನ ಅಂಕ. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ನಾವು ಮೆದುಳು ಜ್ವರ ಎನ್ನುವ ಈ ಕಾಯಿಲೆಯ ಮಟ್ಟಿಗೆ, ಒಂದಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ಈ ಅಂಕಕ್ಕೆ ಇಷ್ಟು ಮಹತ್ವ ಬಂದದ್ದಕ್ಕೆ ಕಾರಣವಿದೆ. ಈ ವೈರಾಣು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ತೀವ್ರವಾಗುತ್ತದೆ. ಹಾಗೆ ತೀವ್ರವಾದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾಯುತ್ತಾರೆ, ಬದುಕಿದವರಲ್ಲಿ ಅನೇಕರು ಜೀವನಪರ್ಯಂತದ ಅಂಗವೈಕಲ್ಯ ಹೊರುತ್ತಾರೆ. ಕಾಯಿಲೆ ಇಷ್ಟು ಘೋರವಾಗಿದ್ದೂ ಇಷ್ಟು ವಿರಳವಾಗಿರುವುದರಿಂದ, ಲಸಿಕೆ ಕಾಯಿಲೆಯನ್ನೇ ತಡೆಯುತ್ತದೆಂದು ನೇರವಾಗಿ ತೋರಿಸಲು ಹತ್ತಾರು ಸಾವಿರ ಮಕ್ಕಳು ಬೇಕಾಗುತ್ತಾರೆ. 1980ರ ದಶಕದಲ್ಲಿ ಥಾಯ್ಲೆಂಡಿನಲ್ಲಿ 65,000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಇಲಿಯ ಮೆದುಳಿನಲ್ಲಿ ವೈರಾಣು ಬೆಳೆಸಿ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು ಹಾಗೆ ಪರೀಕ್ಷಿಸಿದ್ದರು. ನೂರಕ್ಕೆ 91ರಷ್ಟು ರಕ್ಷಣೆ ಕಂಡಿತು. ಒಂದು ಲಸಿಕೆ ಕೆಲಸ ಮಾಡುತ್ತದೆಂದು ಗೊತ್ತಾದ ಮೇಲೆ ಮುಂದಿನದನ್ನು ಪರೀಕ್ಷಿಸುವಾಗ ಸಾವಿರಾರು ಮಕ್ಕಳಿಗೆ ಬರಿಯ ನೀರಿನ ಸೂಜಿ ಕೊಟ್ಟು ಕಾಯುವುದು ಅನ್ಯಾಯ. ಆದ್ದರಿಂದ ಆಮೇಲಿನ ಲಸಿಕೆಗಳಿಗೆ ಬಹುಮಟ್ಟಿಗೆ ಈ ಅಂಕವನ್ನು ನೋಡಿಯೇ ಪರವಾನಗಿ ಕೊಟ್ಟರು. ಇದು ಸರಿಯಾದ ದಾರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅಂಕವೆಂಬುದು ರಕ್ತ ತೆಗೆದ ಆ ದಿನದ ಮಾತು. ಸೂಜಿ ಬಿದ್ದ ಒಂದು ತಿಂಗಳಿಗೆ ತೆಗೆದ ರಕ್ತ ಹತ್ತು ವರ್ಷದ ನಂತರದ ಸ್ಥಿತಿಯನ್ನು ಹೇಳಲಾರದು.

ನಾಲೆಯ ನೀರು

ತುಂಗಭದ್ರೆಯ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿದ ಮೇಲೆ ನಮ್ಮ ಸೀಮೆ ಏನಾಯಿತೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಎಡದಂಡೆಯಲ್ಲಿ ಗಂಗಾವತಿ, ಸಿಂಧನೂರು, ಮಾನ್ವಿ, ಬಲದಂಡೆಯಲ್ಲಿ ಸಿರುಗುಪ್ಪ; ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆಹೊಲಗಳು ಸೋನಾ ಮಸೂರಿಯ ಗದ್ದೆಗಳಾದವು. ನನ್ನ ಅಪ್ಪನ ಹೊಲವೂ ಹಾಗೆ ಗದ್ದೆಯಾದದ್ದೇ. ಅದರ ದುಡ್ಡಿನಲ್ಲಿ ನಾನು ಓದಿದೆ. ಆ ಗದ್ದೆಯ ನಿಂತ ನೀರಿನಲ್ಲಿ ಮೊಟ್ಟೆಯಿಡುವ ಕ್ಯುಲೆಕ್ಸ್ ಜಾತಿಯ ಸೊಳ್ಳೆಗಳೇ ಮೆದುಳು ಜ್ವರವನ್ನು ಹರಡುತ್ತವೆ ಎಂಬುದನ್ನು ನಾನು ತಿಳಿದದ್ದು ದೂರದ ಊರಿನ ತರಗತಿಯೊಂದರಲ್ಲಿ.

ವೈರಾಣುವಿನ ನಿಜವಾದ ಮನೆ ಮನುಷ್ಯನಲ್ಲ. ಅದು ಗದ್ದೆಯಲ್ಲಿ ಇಳಿಯುವ ಬೆಳ್ಳಕ್ಕಿ, ಕೊಕ್ಕರೆಗಳಲ್ಲಿರುತ್ತದೆ. ಹಂದಿಯ ರಕ್ತದಲ್ಲಿ ಬೇಗ ಹೆಚ್ಚುತ್ತದೆ. ಹಂದಿಯನ್ನೂ ಹಕ್ಕಿಯನ್ನೂ ಕಚ್ಚಿದ ಸೊಳ್ಳೆ ಅದನ್ನು ಸುತ್ತಿಸುತ್ತಲೇ ಇರುತ್ತದೆ. ಸೊಳ್ಳೆಗೆ ಹೆಚ್ಚು ಇಷ್ಟವಾದ ದನಗಳಲ್ಲಿ ವೈರಾಣು ಬೆಳೆಯುವುದಿಲ್ಲ. ಮನುಷ್ಯನಲ್ಲಿ ಕಾಯಿಲೆ ಬಂದರೂ ಇನ್ನೊಂದು ಸೊಳ್ಳೆಗೆ ದಾಟುವಷ್ಟು ವೈರಾಣು ರಕ್ತದಲ್ಲಿ ಏರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲವೆಂಬುದು ಮೊದಲು ಕೇಳಿದಾಗ ಸಮಾಧಾನದ ಸಂಗತಿಯಂತೆ ಕಾಣುತ್ತದೆ. ಲಸಿಕೆಯ ಸಂಶೋಧಕರಿಗೆ ಅದು ಸಮಾಧಾನವಲ್ಲ. ದಡಾರದಲ್ಲಿ ನೂರು ಮಕ್ಕಳಲ್ಲಿ ತೊಂಬತ್ತೈದು ಮಕ್ಕಳಿಗೆ ಲಸಿಕೆ ತಾಗಿದರೆ ಉಳಿದ ಐವರನ್ನೂ ಆ ತೊಂಬತ್ತೈವರು ಕಾಯುತ್ತಾರೆ, ಏಕೆಂದರೆ ರೋಗಕ್ಕೆ ಹಾಯಲು ದಾರಿಯೇ ಇರುವುದಿಲ್ಲ. ಪೋಲಿಯೋವನ್ನು ದೇಶದಿಂದ ಹೊರಗೆ ಹಾಕಿದ್ದೂ ಇದೇ ಲೆಕ್ಕದಿಂದ. ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡ ಪ್ರಕರಣವೇ ನಮ್ಮಲ್ಲಿ ಪ್ರಕೃತಿಸಹಜ ವೈರಾಣುವಿನಿಂದ ಬಂದ ಕೊನೆಯ ಪೋಲಿಯೋ. ಮೆದುಳು ಜ್ವರದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಊರಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕಿ ಒಂದು ಮಗುವನ್ನು ಬಿಟ್ಟರೆ, ಬೆಳ್ಳಕ್ಕಿಯಲ್ಲೂ ಹಂದಿಯಲ್ಲೂ ವೈರಾಣು ಮೊದಲಿದ್ದಷ್ಟೇ ಇರುತ್ತದೆ, ಆ ಮಗುವಿಗೆ ಅಪಾಯವೂ ಮೊದಲಿದ್ದಷ್ಟೇ ಇರುತ್ತದೆ. ನೆರೆಯವರ ಲಸಿಕೆ ಇಲ್ಲಿ ಯಾರನ್ನೂ ಕಾಯುವುದಿಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ದಡಾರದಲ್ಲಿ ಯಾರೋ ಒಬ್ಬರ ರಕ್ಷಣೆ ವಯಸ್ಸಾದಂತೆ ತಗ್ಗಿದರೂ ಸುತ್ತಲಿನವರ ರಕ್ಷಣೆ ಅದನ್ನು ಮುಚ್ಚಿಕೊಡುತ್ತದೆ. ಮೆದುಳು ಜ್ವರದಲ್ಲಿ ತಗ್ಗಿದ್ದು ತಗ್ಗಿದಂತೆಯೇ. ಆದ್ದರಿಂದ "ಎಷ್ಟು ವರ್ಷ" ಎಂಬ ಪ್ರಶ್ನೆ ಬೇರೆ ಲಸಿಕೆಗಳಿಗಿಂತ ಈ ಲಸಿಕೆಗೆ, ಬೇರೆ ಜಿಲ್ಲೆಗಳಿಗಿಂತ ಬಳ್ಳಾರಿ, ರಾಯಚೂರು, ಕೊಪ್ಪಳಗಳಿಗೆ ಹೆಚ್ಚು ಸಲ್ಲುತ್ತದೆ. ಅಜ್ಜಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅವರು ಕೇಳಿದ್ದು ಶಾಸ್ತ್ರದ ನಡುಮಧ್ಯದ ಪ್ರಶ್ನೆಯನ್ನೇ.

ದ್ವೀಪದ ಮುದುಕರು

ರೋಗನಿರೋಧಕ ನೆನಪು ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ನಮ್ಮ ಶಾಸ್ತ್ರದ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ. 1846ರಲ್ಲಿ ಉತ್ತರ ಅಟ್ಲಾಂಟಿಕ್ಕಿನ ಫ್ಯಾರೋ ದ್ವೀಪಗಳಿಗೆ ದಡಾರ ಬಂತು. ಅಲ್ಲಿದ್ದ ಸುಮಾರು 7,800 ಜನರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಡೆನ್ಮಾರ್ಕಿನಿಂದ ಕಳಿಸಿದ್ದ ಪೀಟರ್ ಪಾನುಮ್ ಎಂಬ ತರುಣ ವೈದ್ಯ ಊರೂರು ತಿರುಗಿ ವಿಚಾರಿಸುವಾಗ ಒಂದು ಸಂಗತಿ ಗಮನಿಸಿದ. ಆ ದ್ವೀಪಗಳಿಗೆ ಅದಕ್ಕೂ ಮೊದಲು ದಡಾರ ಬಂದದ್ದು 1781ರಲ್ಲಿ. ಆಗ ಚಿಕ್ಕವರಾಗಿದ್ದು ಕಾಯಿಲೆ ಅನುಭವಿಸಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಅದು ತಗುಲಲಿಲ್ಲ. ನಡುವೆ ಅರವತ್ತೈದು ವರ್ಷ ಆ ರೋಗದ ಸುಳಿವೇ ಇರಲಿಲ್ಲ; ಅಷ್ಟು ಕಾಲ ಅವರ ದೇಹ ಯಾವ ಜ್ಞಾಪನೆಯೂ ಇಲ್ಲದೆ ನೆನಪಿಟ್ಟುಕೊಂಡಿತ್ತು. ಪ್ರತಿಕಾಯ ಎಂಬುದೊಂದಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಈ ಉತ್ತರ ಸಿಕ್ಕಿತು, ಏಕೆಂದರೆ ಜನ ಊರು ಬಿಟ್ಟಿರಲಿಲ್ಲ ಮತ್ತು ಮುದುಕರನ್ನು ಕೂತು ಕೇಳುವವನೊಬ್ಬನಿದ್ದ.

ಅದು ಹೇಗೆ ಸಾಧ್ಯ ಎಂಬುದು ಈಗ ನಮಗೆ ಸಾಕಷ್ಟು ತಿಳಿದಿದೆ. ಲಸಿಕೆ ಬಿದ್ದಾಗ ದುಗ್ಧಗ್ರಂಥಿಗಳಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಹೆಚ್ಚುತ್ತ, ತಮ್ಮ ಪ್ರತಿಕಾಯವನ್ನು ಸ್ವಲ್ಪಸ್ವಲ್ಪವಾಗಿ ತಿದ್ದಿಕೊಳ್ಳುತ್ತ, ಚೆನ್ನಾಗಿ ಹಿಡಿಯಬಲ್ಲವು ಉಳಿದು ಹಿಡಿಯಲಾರದವು ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ಅಸ್ಥಿಮಜ್ಜೆಗೆ ಹೋಗಿ ನೆಲೆಸಿ, ಪ್ಲಾಸ್ಮಾ ಕೋಶಗಳಾಗಿ ವರ್ಷಗಟ್ಟಲೆ ಪ್ರತಿಕಾಯವನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ಸುಮ್ಮನಿದ್ದು, ವೈರಾಣು ಮತ್ತೆ ಕಂಡಾಗ ಮಾತ್ರ ಏಳುತ್ತವೆ. ರಕ್ತದ ಅಂಕ ಮೊದಲ ಗುಂಪಿನದು. ಎರಡನೆಯ ಗುಂಪು ಅಂಕದಲ್ಲಿ ಕಾಣಿಸುವುದಿಲ್ಲ. ಅಮೆರಿಕದಲ್ಲಿ 45 ಜನರ ರಕ್ತವನ್ನು 26 ವರ್ಷಗಳವರೆಗೂ ಮತ್ತೆ ಮತ್ತೆ ತೆಗೆದಿಟ್ಟು ನೋಡಿದವರು 2007ರಲ್ಲಿ ಹೇಳಿದ್ದೇನೆಂದರೆ, ಧನುರ್ವಾಯುವಿನ ಪ್ರತಿಕಾಯ ಅರ್ಧಕ್ಕಿಳಿಯಲು ಸುಮಾರು 11 ವರ್ಷ, ಡಿಫ್ತೀರಿಯಾದ್ದಕ್ಕೆ 19 ವರ್ಷ, ದಡಾರದ್ದಕ್ಕಂತೂ ಮನುಷ್ಯನ ಆಯುಷ್ಯವನ್ನೇ ಮೀರಿದ ಕಾಲ ಬೇಕು. ಒಂದೊಂದು ರೋಗಕ್ಕೂ ಒಂದೊಂದು ಗಡುವು. ಒಂದರ ಗಡುವನ್ನು ಇನ್ನೊಂದರಿಂದ ಊಹಿಸಲಾಗದು. ಕಾದು ನೋಡಿಯೇ ತಿಳಿಯಬೇಕು.

ಕಾದು ನೋಡುವ ಕೆಲಸವನ್ನು ನಮ್ಮ ದೇಶವೂ ಮಾಡಿದೆ, ಅದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಕ್ಷಯದ ಬಿಸಿಜಿ ಲಸಿಕೆಯ ಪರೀಕ್ಷೆ ಆರಂಭವಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಹದಿನೈದು ವರ್ಷ ಬೆನ್ನು ಹತ್ತಿದರು. ಕೊನೆಗೆ ಸಿಕ್ಕ ಉತ್ತರ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಲ್ಲಿ ಬಿಸಿಜಿ ತಡೆಯಲಿಲ್ಲ ಎಂಬುದು. ಬ್ರಿಟನ್ನಿನ ಹುಡುಗ ಹುಡುಗಿಯರಲ್ಲಿ ಅದೇ ಲಸಿಕೆ ಚೆನ್ನಾಗಿ ತಡೆದಿತ್ತು. ಒಂದು ನೆಲದಲ್ಲಿ ಸತ್ಯವಾದದ್ದು ಇನ್ನೊಂದು ನೆಲದಲ್ಲಿ ಸತ್ಯವಾಗಬೇಕಾಗಿಲ್ಲ ಎಂದು ಇಡೀ ಲೋಕದ ಕ್ಷಯ ಸಂಶೋಧನೆ ಒಪ್ಪಿಕೊಳ್ಳುವಂತೆ ಮಾಡಿದ್ದು ಆ ಹಳ್ಳಿಗಳು. ಇಷ್ಟು ಕಾಲ ಕಾದು "ಇಲ್ಲ" ಎಂಬ ಉತ್ತರವನ್ನು ಹಾಗೆಯೇ ಪ್ರಕಟಿಸಿದವರ ಮುಂದೆ ನಾನು ತಲೆಬಾಗುತ್ತೇನೆ. ಚಿಕ್ಕ ಮಕ್ಕಳ ಮೆದುಳಿನ ಕ್ಷಯಕ್ಕೆ ಬಿಸಿಜಿ ಇಂದಿಗೂ ಬೇಕು, ಆದ್ದರಿಂದ ಹುಟ್ಟಿದ ಮಗುವಿಗೆ ಅದನ್ನು ಕೊಡುತ್ತಲೇ ಇದ್ದೇವೆ. ಆ ಮಾತು ಬೇರೆ. "ನಮ್ಮೂರಾಗ?" ಎಂಬ ಪ್ರಶ್ನೆಗೆ ಚೆಂಗಲ್ಪಟ್ಟಿಗಿಂತ ದೊಡ್ಡ ಸಮರ್ಥನೆ ನನಗೆ ಗೊತ್ತಿಲ್ಲ.

ಗುಳೆ

ಲಿಂಗಸುಗೂರು ತಾಲ್ಲೂಕಿನ ಒಂದು ಊರಿಗೆ, ಸಂಕ್ರಾಂತಿ ಕಳೆದ ಮೇಲೆ, ಮೊದಲೇ ರಕ್ತ ಕೊಟ್ಟಿದ್ದ ಮಕ್ಕಳ ಎರಡನೆಯ ಮಾದರಿ ತೆಗೆಯಲು ಹೋಗಿದ್ದೆವು. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಮುಂದೆ ನಡೆದರು. ಐಸ್ ಪ್ಯಾಕ್ ತುಂಬಿದ ಡಬ್ಬಿ ಹಿಡಿದು ನಾವು ಹಿಂದೆ. ಮೊದಲ ಮನೆಗೆ ಬೀಗ. ಎರಡನೆಯದಕ್ಕೂ ಬೀಗ. ಮೂರನೆಯ ಮನೆಯ ಕಟ್ಟೆಯ ಮೇಲೆ ಮುದುಕರೊಬ್ಬರು ಬಿಸಿಲಿಗೆ ಕುಳಿತಿದ್ದರು. "ಎಲ್ಲಾರೂ ಗುಳೇ ಹೋಗ್ಯಾರ್ರಿ. ಬೆಂಗ್ಳೂರಾಗ ಬಿಲ್ಡಿಂಗ್ ಕೆಲಸ. ನಾ ಒಬ್ನ ಅದೀನಿ ಮನೀ ಕಾಯಾಕ," ಎಂದರು. ಆಶಾ ಅಕ್ಕ ನನ್ನ ಮುಖ ನೋಡಿ, "ಮೇಡಂ, ಇವ್ರೇನ ಊರು ಬಿಟ್ಟ್ ಹೋದವ್ರಲ್ರಿ, ಹಬ್ಬಕ್ಕ ಬರ್ತಾರ. ಆದ್ರ ನಮ್ಮ ತಾರೀಕಿಗೆ ಬರಂಗಿಲ್ರಿ," ಎಂದರು. ಆ ಓಣಿಯುದ್ದಕ್ಕೂ ಕೂತಿದ್ದವರು ಮುದುಕರು, ಮಲಗಿದ್ದವು ನಾಯಿಗಳು. ಒಂದು ಮನೆಯಲ್ಲಿ ಮಾತ್ರ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಉಳಿದುಕೊಂಡಿದ್ದಳು. ಅವಳ ಚಿಕ್ಕ ತಮ್ಮ, ನಮ್ಮ ಪಟ್ಟಿಯಲ್ಲಿದ್ದವನು, ಅವ್ವ ಅಪ್ಪನ ಜೊತೆ ಹೋಗಿದ್ದ. ಆಶಾ ಅಕ್ಕ ಫೋನು ಹಚ್ಚಿ ಆ ತಾಯಿಯೊಡನೆ ಮಾತಾಡಿಸಿದರು. ಮಗುವಿನ ಎರಡನೆಯ ಡೋಸ್ ಆಯಿತೇ ಎಂದು ಕೇಳಿದೆ. ಲಸಿಕೆಯ ಲೆಕ್ಕವಿರುವ 'ತಾಯಿ ಕಾರ್ಡು' ಊರ ಮನೆಯ ಟ್ರಂಕಿನಲ್ಲೇ ಇದೆ, ಬಂದಾಗ ಹಾಕಿಸುತ್ತೇನೆ ಎಂದು ಆಕೆ ಹೇಳಿದಳು. ಹಿನ್ನೆಲೆಯಲ್ಲಿ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು ಕೇಳಿಸುತ್ತಿತ್ತು.

ನಮ್ಮ ವರದಿಗಳಲ್ಲಿ ಇಂಥ ಮಕ್ಕಳಿಗೆ ಒಂದೇ ಸಾಲು: ಮುಂದಿನ ಭೇಟಿಯಲ್ಲಿ ಲಭ್ಯವಿಲ್ಲ. ಲೆಕ್ಕ ಮಾಡುವಾಗ ಅವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆಯುತ್ತಾರೆ. ಹೊಲವಿದ್ದವರು, ಅಂಗಡಿಯಿದ್ದವರು, ಸಂಬಳವಿದ್ದವರು ಊರಲ್ಲಿ ಉಳಿಯುತ್ತಾರೆ. ಅವರ ಮಕ್ಕಳ ರಕ್ತ ನಮಗೆ ಸಿಗುತ್ತದೆ. ಹಾಗೆ ಸಿಕ್ಕ ಉತ್ತರ ಗುಳೆ ಹೋಗುವ ಮನೆಯ ಮಗುವಿಗೆ ಅನ್ವಯಿಸುತ್ತದೆ ಎಂದು ಯಾವ ಆಧಾರದ ಮೇಲೆ ಹೇಳುವುದು? ಪೌಷ್ಟಿಕತೆಯೇ ಬೇರೆ, ಕಾಯಿಲೆಗಳೇ ಬೇರೆ ಎಂಬ ಮಾತು ಒಂದು ಕಡೆ ಇರಲಿ. ಈ ವೈರಾಣುವಿನ ಮಟ್ಟಿಗೆ ಅದಕ್ಕಿಂತ ಆಳವಾದ ತೊಡಕೊಂದಿದೆ.

ಗದ್ದೆಯ ನಡುವೆಯೇ ಬೆಳೆಯುವ ಮಗುವನ್ನು ವೈರಾಣು ಹೊತ್ತ ಸೊಳ್ಳೆ ಆಗಾಗ ಕಚ್ಚುತ್ತಲೇ ಇರುತ್ತದೆ. ಲಸಿಕೆ ಪಡೆದ ಮಗುವಿಗೆ ಅದರಿಂದ ಕಾಯಿಲೆ ಬರುವುದಿಲ್ಲ. ಬದಲಿಗೆ ಮಲಗಿದ್ದ ನೆನಪಿನ ಕೋಶಗಳು ಎದ್ದು ರಕ್ತದ ಪ್ರತಿಕಾಯ ಮತ್ತೆ ಏರುತ್ತದೆ. ಹತ್ತು ವರ್ಷದ ನಂತರ ಗಂಗಾವತಿಯ ಆ ಮಗುವಿನ ಅಂಕ ಚೆನ್ನಾಗಿದ್ದರೆ, ಅದರಲ್ಲಿ ಲಸಿಕೆಯದೆಷ್ಟು, ಗದ್ದೆಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಡೆಂಗ್ಯೂ ವೈರಾಣುವೂ ಇದೇ ಕುಟುಂಬದ್ದಾದ್ದರಿಂದ ಅದರ ಪ್ರತಿಕಾಯಗಳು ಸಾಮಾನ್ಯ ಪರೀಕ್ಷೆಯಲ್ಲಿ ಇದರ ಪ್ರತಿಕಾಯಗಳಂತೆಯೇ ತೋರಿಬಿಡುತ್ತವೆ. ಮೊದಲು ಹೇಳಿದ ತೂತು ಎಣಿಸುವ ನಿಧಾನದ ಪರೀಕ್ಷೆಯನ್ನು ನಾವು ಬಿಡದಿರುವುದು ಅದಕ್ಕೇ. ಈಗ ಗುಳೆಯ ಮಗುವನ್ನು ನೋಡಿ. ಒಂದು ಡೋಸ್ ಪಡೆದು, ಎರಡನೆಯದು ತಪ್ಪಿ, ವರ್ಷದ ಬಹುಭಾಗ ಗದ್ದೆಯಿಲ್ಲದ ನಗರದ ಶೆಡ್ಡಿನಲ್ಲಿ ಬೆಳೆಯುತ್ತದೆ. ಆ ಮಗುವಿಗೆ ಸೊಳ್ಳೆ ಕೊಡುವ ಜ್ಞಾಪನೆಯೂ ಇಲ್ಲ. ಮೆದುಳು ಜ್ವರದ ಲಸಿಕೆ ರೋಗವಿರುವ ಜಿಲ್ಲೆಗಳಲ್ಲಿ ಮಾತ್ರ ಕೊಡುವಂಥದಾದ್ದರಿಂದ, ಹೋದ ಊರಿನಲ್ಲಿ ಎರಡನೆಯ ಡೋಸ್ ಸಿಗುವ ಖಾತ್ರಿಯೂ ಇಲ್ಲ. ಬೆಳೆದ ಮೇಲೆ ಅದೇ ಮಗು, ಮುಂಗಾರಿನಲ್ಲಿ ನಾಟಿಯ ಕೂಲಿಗೆಂದು ಸಿಂಧನೂರಿನ ಗದ್ದೆಗೆ ಇಳಿಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಿಂದ ನಾಟಿಗೆ ಬರುವ ಹೆಣ್ಣುಮಕ್ಕಳ ಟ್ರ್ಯಾಕ್ಟರುಗಳನ್ನು ನೋಡಿದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಅಂದರೆ "ಎಷ್ಟು ವರ್ಷ" ಎಂಬುದಕ್ಕೆ ಲಸಿಕೆಯೊಂದರಿಂದಲೇ ಉತ್ತರ ಬರುವುದಿಲ್ಲ. ಮಗು ಎಲ್ಲಿ ಬೆಳೆಯುತ್ತದೆ, ಅದರ ಅವ್ವ ಅಪ್ಪನಿಗೆ ಊರಲ್ಲೇ ಕೂಲಿ ಸಿಗುತ್ತದೆಯೋ ಇಲ್ಲವೋ ಎಂಬುದೂ ಆ ಉತ್ತರದೊಳಗೆ ಸೇರಿದೆ. ನಾನು ಕಲಿತ ಶಾಸ್ತ್ರದ ಪುಸ್ತಕಗಳಲ್ಲಿ ಕೂಲಿಯ ಮಾತು ಬರುವುದಿಲ್ಲ. ಬರಬೇಕು ಎಂದು ನಾನು ನಂಬುತ್ತೇನೆ.

ಕೋಲಾರದ ವೈರಾಣು

ಲಸಿಕೆಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಜ್ಜಿಯ ಮೊಮ್ಮಗಳಿಗೆ ಬಿದ್ದದ್ದು ಎಸ್‌ಎ 14-14-2 ಎಂಬ ಜೀವಂತ, ಆದರೆ ಶಕ್ತಿಗುಂದಿಸಿದ ವೈರಾಣುವಿನ ಲಸಿಕೆ. ಚೀನಾದ ಶಿಯಾನ್ ನಗರದಲ್ಲಿ 1954ರಲ್ಲಿ ಸೊಳ್ಳೆಯ ಮರಿಹುಳುಗಳಿಂದ ಸಿಕ್ಕ ವೈರಾಣುವನ್ನು ಅಲ್ಲಿನ ವಿಜ್ಞಾನಿಗಳು ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿ, 1988ರಲ್ಲಿ ಬಳಕೆಗೆ ತಂದರು. ಉತ್ತರ ಪ್ರದೇಶದ ಗೋರಖಪುರ ಸುತ್ತಮುತ್ತ 2005ರಲ್ಲಿ ಸಾವಿರಕ್ಕೂ ಹೆಚ್ಚು ಜೀವ ಹೋದ ಮೇಲೆ ನಮ್ಮ ಸರ್ಕಾರ ಅದನ್ನು ತರಿಸಿತು. ಇನ್ನೊಂದು ಲಸಿಕೆ ನಮ್ಮದೇ. ಕೋಲಾರದಲ್ಲಿ 1980ರ ದಶಕದ ಆರಂಭದಲ್ಲಿ ರೋಗಿಯೊಬ್ಬರಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಬೇರ್ಪಡಿಸಿದ ವೈರಾಣುವನ್ನು ವೀರೋ ಕೋಶಗಳಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ಭಾರತ್ ಬಯೋಟೆಕ್ 2013ರಲ್ಲಿ ಜೆನ್ವ್ಯಾಕ್ ಎಂಬ ಹೆಸರಿನಲ್ಲಿ ಹೊರತಂದಿತು. ಕೋಲಾರದ ಆ ರೋಗಿಯಿಂದ ಲಸಿಕೆಯ ಸೀಸೆಯವರೆಗೆ ಮೂವತ್ತು ವರ್ಷ ಹಿಡಿಯಿತು. ಯಾರೋ ಒಬ್ಬರು ಆ ಮಾದರಿಯನ್ನು ಹೆಸರು, ಊರು, ತಾರೀಕು ಬರೆದು ಮೈನಸ್ ಎಪ್ಪತ್ತರ ಫ್ರೀಜರಿನಲ್ಲಿಟ್ಟು, ಆಮೇಲೆ ಬಂದವರು ಅದನ್ನು ಕೆಡದಂತೆ ಕಾಯ್ದುಕೊಂಡು ಬಂದದ್ದರಿಂದ ಆದದ್ದು ಅದು. ಲಸಿಕೆಯ ಬಗ್ಗೆ ಮಾತಾಡುವಾಗ ಅಂಥವರ ಹೆಸರನ್ನು ಯಾರೂ ತೆಗೆಯುವುದಿಲ್ಲ. ಆ ಕೆಲಸಕ್ಕೆ ಪ್ರಶಸ್ತಿಯಿಲ್ಲ, ಪ್ರಬಂಧವಿಲ್ಲ. ಆದರೆ ಅದಿಲ್ಲದೆ ಉಳಿದ ಯಾವುದೂ ಇಲ್ಲ.

2006ರ ಮಕ್ಕಳು

ಗೋರಖಪುರದ ಮರುವರ್ಷ, 2006ರಲ್ಲಿ, ದೇಶದ ನಾಲ್ಕು ರಾಜ್ಯಗಳ ಹನ್ನೊಂದು ಜಿಲ್ಲೆಗಳಲ್ಲಿ ಒಂದರಿಂದ ಹದಿನೈದು ವರ್ಷದ ತೊಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಚೀನಾದಿಂದ ತರಿಸಿದ ಆ ಲಸಿಕೆ ಹಾಕಿದರು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಒಂದೇ ಜಿಲ್ಲೆ, ಬಳ್ಳಾರಿ. ಆಗ ಕೊಟ್ಟದ್ದು ಒಂದೇ ಡೋಸ್. ಲಸಿಕೆಯ ವೇಳಾಪಟ್ಟಿಗೆ ಎರಡನೆಯ ಡೋಸ್ ಸೇರಿದ್ದು 2013ರಲ್ಲಿ. ಅಂದು ಶಾಲೆಯ ಅಂಗಳದಲ್ಲಿ ಸಾಲು ನಿಂತು ಸೂಜಿ ಹಾಕಿಸಿಕೊಂಡ ಸಿರುಗುಪ್ಪದ ಮಕ್ಕಳಲ್ಲಿ ತೀರ ಚಿಕ್ಕವರೂ ಈಗ ಇಪ್ಪತ್ತರ ಆಚೀಚೆ ಇದ್ದಾರೆ, ದೊಡ್ಡವರು ಮೂವತ್ತು ದಾಟಿದ್ದಾರೆ. ಗದ್ದೆಯಲ್ಲಿ ಈಗ ದುಡಿಯುವವರು ಅವರೇ. ದೊಡ್ಡವರಿಗೂ ಈ ಕಾಯಿಲೆ ಬರಬಹುದೆಂಬ ಕಾರಣಕ್ಕೆ ಅಸ್ಸಾಮಿನಲ್ಲಿ 2011ರಿಂದಲೇ ವಯಸ್ಕರಿಗೂ ಲಸಿಕೆ ಕೊಟ್ಟಿದ್ದಾರೆ. ನಮ್ಮಲ್ಲಿ ಅದು ಬೇಕೋ ಬೇಡವೋ ಎಂಬುದನ್ನು ಊಹೆಯಿಂದ ನಿರ್ಧರಿಸಬಾರದು, ಹಾಗೆಯೇ ಬಿಟ್ಟೂಬಿಡಬಾರದು. ಒಂದು ಡೋಸಿನ ನೆನಪು ಎರಡು ದಶಕ ಉಳಿಯುತ್ತದೆಯೇ ಎಂಬುದಕ್ಕೆ ಬೇಕಾದ ಉತ್ತರ ಈ ಜನರ ರಕ್ತದಲ್ಲಿದೆ. ಊರಲ್ಲೇ ಉಳಿದವರು, ಗುಳೆ ಹೋಗಿ ಬರುವವರು, ಹೋಗಿ ಅಲ್ಲೇ ನೆಲೆಸಿದವರು, ಈ ಮೂರೂ ಗುಂಪಿನವರ ರಕ್ತವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲಸಿಕೆಯದೆಷ್ಟು, ಗದ್ದೆಯದೆಷ್ಟು ಎಂಬ ತೊಡಕೂ ಬಿಡಿಸಿಕೊಳ್ಳುತ್ತದೆ.

ಲಿಂಗಸುಗೂರಿನ ಆಶಾ ಅಕ್ಕ ಅಂದು ಹೇಳಿದ ಮಾತೇ ನಮ್ಮ ಈಗಿನ ಕ್ರಮಕ್ಕೆ ಆಧಾರ. ನಮ್ಮ ತಾರೀಕಿಗೆ ಜನ ಬರುವುದಿಲ್ಲವಾದರೆ ಜನರ ತಾರೀಕಿಗೆ ನಾವು ಹೋಗಬೇಕು. ಗುಳೆ ಹೋದವರು ಉಗಾದಿಗೆ ಬರುತ್ತಾರೆ, ಊರ ಜಾತ್ರೆಗೆ ಬರುತ್ತಾರೆ. ಮುದಗಲ್ಲಿನ ಸುತ್ತಲಿನವರು ಎಲ್ಲಿದ್ದರೂ ಮೊಹರಮ್ಮಿಗೆ ಬರುತ್ತಾರೆ. ಕೊಪ್ಪಳದ ಕಡೆಯವರು ಗವಿಸಿದ್ಧೇಶ್ವರನ ತೇರಿಗೆ ಬರುತ್ತಾರೆ. ಹಬ್ಬದ ದಿನ ಯಾರೂ ಸೂಜಿ ಚುಚ್ಚಿಸಿಕೊಳ್ಳಲು ಕೈಚಾಚುವುದಿಲ್ಲ, ಅದು ಸರಿಯೂ ಅಲ್ಲ. ಹಬ್ಬ ಮುಗಿದ ಮರುದಿನದಿಂದ, ಅವರು ಮತ್ತೆ ಬಸ್ಸು ಹತ್ತುವವರೆಗಿನ ಎರಡು ಮೂರು ದಿನವೇ ನಮ್ಮ ಕೆಲಸದ ದಿನಗಳು. ಆ ದಿನಗಳಲ್ಲೇ ತಪ್ಪಿದ ಡೋಸುಗಳನ್ನೂ ಹಾಕಿಸಬಹುದೆಂದು ಅಲ್ಲಿನ ಸಿಸ್ಟರುಗಳು ಮೊದಲೇ ಲಸಿಕೆ ತರಿಸಿ ಇಟ್ಟುಕೊಳ್ಳುತ್ತಾರೆ. ರಕ್ತ ಕೊಡಲು ಒಪ್ಪದವರೂ ಮಗುವಿಗೆ ಡೋಸ್ ಹಾಕಿಸಿಕೊಂಡು ಹೋಗುತ್ತಾರೆ; ನಮಗೆ ಅದೂ ಲಾಭವೇ.

ಹೊಸ ಯೋಜನೆಯ ಅರ್ಜಿಯಲ್ಲಿ ಅವಧಿಯನ್ನು ಇಪ್ಪತ್ತು ವರ್ಷ ಎಂದು ಬರೆದಿದ್ದೇವೆ. ಮೂರು ವರ್ಷಕ್ಕಿಂತ ಹೆಚ್ಚಿನದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ತುಂಡು ಮಾಡಿ ಬರೆಯಿರಿ ಎಂದು ಹಿತೈಷಿಗಳು ಹೇಳಿದರು. ಹಣ ತುಂಡಾಗಿ ಬಂದರೂ ಸರಿ, ಪ್ರಶ್ನೆಯನ್ನು ತುಂಡು ಮಾಡಲಾಗುವುದಿಲ್ಲ ಎಂದು ಉತ್ತರಿಸಿದ್ದೇನೆ. ಆ ಅವಧಿಯ ಆರಂಭದಲ್ಲೇ ನನ್ನ ನಿವೃತ್ತಿ ಬರುತ್ತದೆ. ರಾಯಚೂರು ಜಿಲ್ಲೆಯವರೇ ಆದ ಇಬ್ಬರು ಕಿರಿಯ ಸಂಶೋಧಕರು ಮುಂದಿನದನ್ನು ಒಪ್ಪಿಕೊಂಡಿದ್ದಾರೆ. ಅವರಲ್ಲಿ ಒಬ್ಬರ ಅವ್ವ ಅಪ್ಪ ಇಂದಿಗೂ ಗುಳೆ ಹೋಗುತ್ತಾರೆ. ಯಾವ ಊರಿನವರು ಯಾವ ಹಬ್ಬಕ್ಕೆ ಬರುತ್ತಾರೆ, ಎಷ್ಟು ದಿನ ಇರುತ್ತಾರೆ ಎಂಬ ಪಟ್ಟಿಯನ್ನು ಬರೆದುಕೊಟ್ಟವರು ಆ ಸಂಶೋಧಕರೇ.